ಉಡ ಹೊಕ್ಕ ಮನೆಯ ಗುಬ್ಬಿ ಮರಿಗಳು

ಮನೆಗೆ ಬೀಗ. ಒಳಗೆ ಯಾರೂ ಇಲ್ಲ. ಆದರೂ ಒಳಗಿನಿಂದ ಚಿಂವ್ ಚಿಂವ್ ಎಂಬ ಸದ್ದು! ಮಟಮಟ ಮಧ್ಯಾಹ್ನದಲ್ಲೂ ನನ್ನ ಮೈ ಜುಮ್ಮೆಂದಿತು.

ಕಳೆದ ಶನಿವಾರ ಸ್ಕೂಲು ಮುಗಿಸಿ ಪಾಂಡವಪುರದಿಂದ ಸಂತೆಬಾಚಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ನೋಡಿದರೆ ಅಕ್ಕ, ಭಾವ ಇಬ್ಬರೂ ಪಾತ್ರೆ ಪಡಗ ಸಮೇತ ದನದ ಕೊಟ್ಟಿಗೆಯಲ್ಲಿದ್ದಾರೆ. ಹಿಂದಿನ ದಿನ ಅವರ ಹೊಸ ತಾರಸಿ ಮನೆಗೆ ಉಡ ನುಗ್ಗಿತ್ತಂತೆ. ಹಿತ್ತಲಿಗೆ ಅಟ್ಟಿ, ಬಡಿದು, ಹೂತೂ ಆಗಿತ್ತು.

"ಉಡ ನುಗ್ಗಿದ ಮನೆ ಕಣಪ್ಪ. ಬುದುವಾರ ಶಾಂತಿ ಮಾಡ್ಸೋಗಂಟ ಒಳೀಕೆ ಕಾಲಿಡಂಗಿಲ್ಲ," ಅಂದಳು ಅಕ್ಕ.

"ಒಳಗೆ ಅದೇನು ಸದ್ದು?"

ಅಕ್ಕನ ಮುಖ ಬಾಡಿತು. "ಗುಬ್ಬಿ ಮರಿ. ಫೋಟೋ ಹಿಂದ್ಗಡೆ ಗೂಡು ಕಟ್ಟಿದ್ವು." (ಗುಬ್ಬಿ ಗೂಡು ಕಟ್ಟಿದರೆ ಮನೆಗೆ ಒಳ್ಳೆಯದೆಂದು ಆ ಗೋಡೆಗೆ ಸುಣ್ಣವನ್ನೂ ಬಳಿಸದವಳು ಅವಳು.) ಗಂಡು ಗುಬ್ಬಿ ಟಿವಿ ಆಂಟೆನಾ ಮೇಲೆ ಕೂತಿತ್ತು. ಹೆಣ್ಣು ಬಾಯಲ್ಲಿ ಹುಳು ಕಚ್ಚಿಕೊಂಡು ಕಿಟಕಿಯ ಗಾಜಿಗೆ ಬಡಿಯುತ್ತಲೇ ಇತ್ತು. ಟಕ್. ಟಕ್.

ಅಳಿಯುತ್ತಿರುವ ಜೀವಿಗಳ ಬಗ್ಗೆ ಪಾಠ ಮಾಡುವ ಸೈನ್ಸ್ ಮೇಷ್ಟ್ರು ನಾನು. ಉಡ ಕಮ್ಮಿಯಾಗಿದೆ. ಗುಬ್ಬಿಯೂ ಮೊದಲಿನಷ್ಟು ಕಾಣುವುದಿಲ್ಲ. ಆದರೆ ಎರಡರ ಕೇಸೂ ಒಂದೇನಾ? ಉಡದ ಚರ್ಮ ಖಂಜಿರಕ್ಕೆ ಬೇಕು, ಮಾಂಸ ಸೊಂಟನೋವಿಗೆ ಬೇಕು, ಮುಖ ಮಾತ್ರ ಯಾರಿಗೂ ಬೇಡ. ಗುಬ್ಬಿಗಾದರೋ ಅಂಗಳದಲ್ಲಿ ಅಕ್ಕಿ ಕಾಳು. ಇಷ್ಟು ಮುದ್ದಿನ ಹಕ್ಕಿಯನ್ನು ಯಾರು ಸಾಯಲು ಬಿಡುತ್ತಾರೆ ಎಂದುಕೊಂಡಿದ್ದೆ.

"ಬಾಗಿಲು ತೆಗೀರಿ ಭಾವ. ಇದೆಲ್ಲ ಮೂಢನಂಬಿಕೆ," ಅಂದೆ ಜೋರಾಗಿಯೇ.

ಭಾವ ಉಡುದಾರದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟರು. "ನೀನು ನಂಬಕಿಲ್ವಲ್ಲ, ನೀನೇ ತೆಗಿ. ನಾನು ಬ್ಯಾಡ ಅನ್ನಕಿಲ್ಲ."

ಹೋದೆ. ಬೀಗಕ್ಕೆ ಕೀಲಿ ತೂರಿಸಿದೆ. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಬಂತು. ಎಲ್ಲ ಮುಚ್ಚಿದ ಮನೆಯಲ್ಲಿ ಗಾಳಿ ಎಲ್ಲಿಂದ? ಒಳಗೆ ಯಾವುದೋ ಭಾರದ ಜೀವ ನೆಲ ಸವರಿಕೊಂಡು ಸರಿದಂತಾಯಿತು. (ಉಡವನ್ನು ಹೂತ ಹಸಿ ಮಣ್ಣನ್ನು ಆಗಷ್ಟೇ ಕಣ್ಣಾರೆ ನೋಡಿ ಬಂದಿದ್ದೆ.) ಪಾಂಡವಪುರದ ನಮ್ಮ ಮನೆಯಲ್ಲಿ ಹೆಂಡತಿ ಏಳು ತಿಂಗಳ ಬಸುರಿ ಎಂಬುದು ನೆನಪಾಯಿತು.

ಕೀಲಿ ತಿರುಗಿಸಲಿಲ್ಲ.

"ಬುಧವಾರವೇ ತೆಗೆದರಾಯಿತು ಬಿಡಿ," ಅಂದೆ. ಭಾವ ಕೀಲಿ ವಾಪಸ್ ತೆಗೆದುಕೊಂಡು ಉಡುದಾರಕ್ಕೆ ಕಟ್ಟಿಕೊಂಡರು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಂದೇ ಮರಿಯ ಸದ್ದಿತ್ತು. ಬಸ್ಸಿಗೆ ಹೊರಡುವಾಗ ಅದೂ ಇಲ್ಲ. ತಾಯಿ ಗುಬ್ಬಿ ಇನ್ನೂ ಗಾಜು ಬಡಿಯುತ್ತಿತ್ತು.

ಉಡವನ್ನು ಕೊಂದವರು ಶಕುನ ನಂಬುವವರು, ಒಪ್ಪಿದೆ. ಗುಬ್ಬಿ ಮರಿಗಳನ್ನು ಕೊಂದವರು ಯಾರು?