ಚಪ್ಪಲಿ ಪಾಳಿ

ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಹೊಸಪೇಟೆ ಸುತ್ತಮುತ್ತಲಿನದು, ಸರ್ಕಾರದ್ದು, ಅಷ್ಟು ಸಾಕು. ಕಾಯಿಲೆ ಬಿದ್ದರೆ ನಾನು ಇವತ್ತೂ ಅಲ್ಲಿಗೇ ಹೋಗಬೇಕು.

ಆಗ ನಮ್ಮ ಮನೆ ಸಂಡೂರಿನಲ್ಲಿ, ಅದಿರು ಲಾರಿ ಓಡಾಡುವ ರಸ್ತೆಗೆ ಅಂಟಿಕೊಂಡೇ ಇತ್ತು. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ನನ್ನ ಮಗಳಿಗೆ ನಾಲ್ಕು ವರ್ಷ. ದಮ್ಮು ಹಿಡಿದರೆ ಪಕ್ಕೆಲುಬು ಒಳಕ್ಕೆ ಸೆಳೆದುಕೊಂಡು, ಮಾತಾಡಲಾಗದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅದಿರು ಮಾರಿದವರು ಹೆಲಿಕಾಪ್ಟರಿನಲ್ಲಿ ಓಡಾಡುತ್ತಿದ್ದ ಕಾಲ ಅದು. ಮಕ್ಕಳ ಡಾಕ್ಟರು ಮಾತ್ರ ಆ ಆಸ್ಪತ್ರೆಗೆ ವಾರಕ್ಕೊಮ್ಮೆ, ಅದೂ ಮಧ್ಯಾಹ್ನದವರೆಗೆ.

ಅಲ್ಲಿ ಚೀಟಿ ಕೊಡುವ ಪದ್ಧತಿ ಇರಲಿಲ್ಲ. ಬಂದವರು ಡಾಕ್ಟರ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಹೋಗಿ ನೆರಳಲ್ಲಿ ಕೂರಬೇಕು. ಚಪ್ಪಲಿ ಸಾಲೇ ಪಾಳಿ. ಒಬ್ಬರು ಒಳಗೆ ಹೋದರೆ ಉಳಿದವರು ಬಂದು ತಮ್ಮದನ್ನು ಕಾಲಿನಿಂದ ಒಂದು ಗೇಣು ಮುಂದಕ್ಕೆ ತಳ್ಳುತ್ತಿದ್ದರು. ಕೆಂಪು ಮೆತ್ತಿದವು ನಮ್ಮ ಸಂಡೂರಿನವು, ಗದ್ದೆಯ ಕರಿ ಕೆಸರು ಒಣಗಿದವು ಕಂಪ್ಲಿ ಕಡೆಯವು. ಆ ಸಾಲಿನಲ್ಲಿ ಯಾರೂ ಯಾರಿಗೂ ಮೋಸ ಮಾಡಿದ್ದನ್ನು ನಾನು ಕಾಣೆ. ಜಗಳಗಂಟಿ ಅಂತ ಹೆಸರು ತೆಗೆದುಕೊಂಡ ನನಗೇ ಅಲ್ಲಿ ಜಗಳಕ್ಕೆ ದಾರಿ ಸಿಗುತ್ತಿರಲಿಲ್ಲ.

ಆ ದಿನ ಮೊದಲ ಬಸ್ಸಿಗೇ ಹೋಗಿದ್ದೆವು. ಆದರೂ ನಮಗಿಂತ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ ಇತ್ತು. ಕಂಪ್ಲಿಯ ಹೆಂಗಸಿನದು; ರೈಸ್ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವವಳು. ಹಿಂದಿನ ದಿನದ ಕೊನೆ ಬಸ್ಸಿಗೇ ಬಂದು ವರಾಂಡದಲ್ಲಿ ಮಲಗಿದ್ದಳಂತೆ. ಮಡಿಲಲ್ಲಿ ಜ್ವರದ ಕೂಸು, ಹಾಲೂ ಹಿಡಿಯುತ್ತಿಲ್ಲ ಅಂದಳು. ಅಂಥದ್ದರಲ್ಲೂ ನನ್ನ ಮಗಳ ಏದುಸಿರು ಕೇಳಿ, "ನನ್ನ ಹಿಂದ ನಿಂದ ಐತಲ್ಲವ್ವ, ಜಲ್ದಿ ಆಗ್ತೈತಿ" ಅಂತ ನನಗೇ ಸಮಾಧಾನ ಹೇಳಿದಳು.

ಡಾಕ್ಟರು ಬಂದರು, ಆದರೆ ಬಾಗಿಲು ತೆರೆಯಲಿಲ್ಲ. ಬದಲಿಗೆ ಜವಾನ ಓಡಿಬಂದ. ಇಲ್ಲಿ ರೋಗಿಗಳನ್ನು ಗಂಟೆಗಟ್ಟಲೆ ಕಾಯಿಸುತ್ತಾರೆ ಅಂತ ಯಾರೋ ಪುಣ್ಯಾತ್ಮರು ಮೇಲಿನವರಿಗೆ ದೂರು ಕೊಟ್ಟಿದ್ದರು. ವಿಚಾರಿಸಲು ಬಳ್ಳಾರಿಯಿಂದ ಸಾಹೇಬರು ಬರುತ್ತಿದ್ದರು. "ಎಲ್ಲಾರೂ ಚಪ್ಲಿ ಮೆಟ್ಕಂಡು ಹಿತ್ತಲಕಡೆ ಹೋಗ್ರಿ, ಸಾಹೇಬ್ರು ಹೋದಮ್ಯಾಲ ಬರ್ರಿ" ಅಂದ. ಕಾಯುವುದನ್ನು ಕಡಿಮೆ ಮಾಡಲು ಅವರಿಗೆ ಹೊಳೆದ ಉಪಾಯ ಇದು, ಕಾಯುವವರನ್ನೇ ಬಚ್ಚಿಡುವುದು. ನಮ್ಮ ಜನವೋ, ತುಟಿ ಪಿಟಕ್ಕೆನ್ನದೆ ತಂತಮ್ಮ ಚಪ್ಪಲಿ ಮೆಟ್ಟಿಕೊಂಡು ನಡೆದರು. ಅಲ್ಲಿಗೆ ಪಾಳಿಯೇ ಅಳಿಸಿಹೋಯಿತು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಹಿತ್ತಲಲ್ಲಿ ನೀರಿನ ಟ್ಯಾಂಕಿನ ಪಕ್ಕ ನಿಂತೆವು. ಮಗಳ ತುಟಿ ನೀಲಿಗಟ್ಟುತ್ತಿತ್ತು. ಸಾಹೇಬರು ಬಂದ ಸದ್ದಾಯಿತು. "ಇಲ್ಲಿ ಯಾರೂ ಕಾಯೋದೇ ಇಲ್ಲ ಸಾರ್" ಅಂತ ಆಸ್ಪತ್ರೆಯ ದೊಡ್ಡವರು ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಸಾಹೇಬರ ಎದುರೇ ನಿಂತೆ. "ಹಿತ್ತಲಕ್ಕ ಬರ್ರಿ, ಯಾರು ಕಾಯ್ತಾರ ತೋರಿಸ್ತೀನಿ."

ಬಂದರು, ಅದನ್ನು ಒಪ್ಪಬೇಕು. ಡಾಕ್ಟರೂ ಜೊತೆಗೆ ಬಂದರು. ಹಿತ್ತಲ ತುಂಬ ನಿಂತವರನ್ನು ನೋಡಿ ಸಾಹೇಬರು ಮೆತ್ತಗೇ ಕೇಳಿದರು, "ಎಷ್ಟೊತ್ತಿಗೆ ಬಂದಿರಿ?"

"ಈಗ ಬಂದೀವ್ರಿ ಸಾಹೇಬ್ರ," ಅಂದ ಮುಂದಿದ್ದ ಮುದುಕ.

ಅವನ ಹಿಂದಿನವರೂ ಅದನ್ನೇ ಅಂದರು. ನಮ್ಮ ಕಡೆ ದೊಡ್ಡವರು ಏನು ಕೇಳಿದರೂ ಉತ್ತರ ಒಂದೇ ಥರ: ಊಟ ಆಗಿದೆ, ಎಲ್ಲ ಆರಾಮ, ಈಗ ಬಂದೆವು. ಪಕ್ಕದಲ್ಲಿ ಡಾಕ್ಟರು ಬೇರೆ ನಿಂತಿದ್ದರು. ಮಕ್ಕಳನ್ನು ಅವರ ಕೈಗೇ ಕೊಡಬೇಕಲ್ಲ. ರಾತ್ರಿಯೆಲ್ಲ ವರಾಂಡದಲ್ಲಿ ಮಲಗಿದ್ದ ಕಂಪ್ಲಿಯವಳೂ ತಲೆ ತಗ್ಗಿಸಿ, "ಈಗ ಬಂದೀನ್ರಿ" ಅಂದಳು.

"ನಾನು ಮೊದಲ ಬಸ್ಸಿಗೆ ಬಂದೀನಿ," ಅಂತ ಕೂಗಿದೆ. "ಈಕಿ ನನಗಿಂತ ಮೊದಲ ಬಂದಾಳ. ಯಾಕ ಸುಳ್ಳು ಹೇಳ್ತೀರಿ?"

ಸಾಹೇಬರು ನನ್ನ ಮಗಳನ್ನು ನೋಡಿದರು. ಡಾಕ್ಟರ ಕಡೆ ತಿರುಗಿ, "ಇವರದನ್ನು ಮೊದಲು ನೋಡಿ" ಅಂದರು. ನಾನು ಕೇಳಿದ್ದು ನಮ್ಮೆಲ್ಲರ ಪರವಾಗಿ. ಅವರು ನನ್ನೊಬ್ಬಳನ್ನು ಒಳಗೆ ಕಳಿಸಿ ಕೈತೊಳೆದುಕೊಂಡರು. ನಾನು ಹೋದೆ. ಹೋಗದೆ ಇರುತ್ತೇನೆಯೇ? ಇವತ್ತಾದರೂ ಹೋಗುತ್ತೇನೆ.

ಮಗಳ ಮೂಗಿಗೆ ಮಾಸ್ಕ್ ಹಾಕಿ ಔಷಧದ ಹೊಗೆ ಬಿಟ್ಟರು. ನೋಡನೋಡುತ್ತ ಉಸಿರು ಸಡಿಲಾಗಿ, ಇಡ್ಲಿ ಬೇಕು ಅಂದಳು. ನನಗೆ ಅಳು ಬಂತು. ಬಾಗಿಲಲ್ಲಿ ನಿಂತಿದ್ದ ಸಾಹೇಬರು ತೃಪ್ತಿಯಿಂದ ತಲೆಯಾಡಿಸಿ, ಡಾಕ್ಟರನ್ನು ಮೀಟಿಂಗಿಗೆ ಕರೆದುಕೊಂಡು ಹೋದರು. ರೋಗಿಗಳು ಕಾಯುವುದರ ಬಗ್ಗೆಯೇ ಮೀಟಿಂಗು.

ಹೊರಗೆ ನೂಕುನುಗ್ಗಲು. ಯಾವತ್ತೂ ಜಗಳವಾಡದ ಜನ ಅವತ್ತು ನಾನು ಮೊದಲು, ತಾನು ಮೊದಲು ಅಂತ ಮೈಮೇಲೆ ಬೀಳುತ್ತಿದ್ದರು. ಡಾಕ್ಟರು ಇನ್ನು ಮುಂದಿನ ವಾರವೇ ಅಂತ ಜವಾನ ಕೂಗಿದ ಮೇಲೆ ಒಬ್ಬೊಬ್ಬರೇ ಚದುರಿದರು. ಕಂಪ್ಲಿಯವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ತಪ್ಪಿಸಿ ಹೋಗೋಣ ಅಂದುಕೊಂಡೆ. ಆಕೆಯೇ ಕರೆದಳು.

"ನಿನ್ನ ಮಗಳು ಹೆಂಗದಾಳವ್ವ?"

"ಆರಾಮದಾಳ," ಅಂದೆ.

"ಛಲೋ ಆತು ಬಿಡು," ಅಂದಳು. ಮಾತಿನಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ನಿನ್ನ ಕೂಸು ಹೇಗಿದೆ ಅಂತ ತಿರುಗಿ ಕೇಳಲು ನನಗೆ ಬಾಯಿ ಬರಲಿಲ್ಲ.