ಭುಜದ ಮೇಲಿನ ಕೈ

ಅರಬ್ ನಾಡಿನ ಮಿರ್ಕಾಬ್ ಪೇಟೆಯ ಫೋಟೋ ಸ್ಟುಡಿಯೋದ ರೋಹಿದಾಸ ಬಾಗಿಲಲ್ಲಿ ನಿಂತವರ ಮುಖ ನೋಡುವ ಮೊದಲೇ ಅವರ ಕೂದಲಂಚನ್ನು ಕಣ್ಣಿನಲ್ಲಿ ಕತ್ತರಿಸಿಟ್ಟಿರುತ್ತಾನೆ. ಕಂಪ್ಯೂಟರಿನಲ್ಲಿ ಚಿತ್ರದ ಅಂಚು ಬಿಡಿಸುತ್ತ ಉಸಿರು ಬಿಗಿಹಿಡಿದು ಮೌಸ್ ಓಡಿಸುವಾಗ ಗಿರಾಕಿಗಳು "ಯಲ್ಲಾ, ಯಲ್ಲಾ" ಎಂದು ಅವಸರಿಸಿದರೆ, "ಕೂದಲು ಮುಗೀಲಿ ಮಾರಾಯ್ರೆ" ಎನ್ನುತ್ತಾನೆ. ಸೊಳ್ಳೆಯ ಮೀಸೆಯನ್ನೂ ಅವನು ನೋಯದಂತೆ ಬಿಡಿಸಿ ತೆಗೆದಾನು ಎಂದು ಎಲ್ಲರ ನಂಬಿಕೆ. ಅಲ್ಲೇ ಜಾಬ್ರಿಯಾದ ಆಸ್ಪತ್ರೆಯ ನರ್ಸ್ ಇಸಾಬೆಲ್‌ಗೆ ರಜೆ ಸಿಗದೆ, ಊರಿನ ಚರ್ಚಿನಲ್ಲಿ ನಡೆದ ಮಗಳ ಪ್ರಥಮ ಪರಮಪ್ರಸಾದದ ಸಮಾರಂಭ ತಪ್ಪಿಹೋಗಿತ್ತು. ಅಂದು ತೆಗೆದ ಮಗಳ ಫೋಟೋದೊಳಗೆ ತನ್ನನ್ನು ನಿಲ್ಲಿಸಿಕೊಡಿ ಎಂದು ಅವಳು ಇವನಲ್ಲಿಗೆ ಬಂದಳು. ಅವಳ ಚಿತ್ರ ತೆಗೆದು, ಮೈಯ ಅಂಚು ಹಿಡಿದು ಬಿಡಿಸಿ, ಮಗಳ ಚಿತ್ರದ ಹಿಂದಿನ ಪದರದಲ್ಲಿ ನಿಲ್ಲಿಸಿದ. ಆಮೇಲೆ ಬಲಗೈಯನ್ನಷ್ಟೇ ಆಯ್ದು ಮುಂದಿನ ಪದರಕ್ಕೆ ತಂದು ಮಗಳ ಭುಜದ ಮೇಲಿಟ್ಟ. ಇಸಾಬೆಲ್ ಕಣ್ಣು ಮಿಟುಕಿಸಲೂ ಮರೆತಳು. "ಆಯ್ತಲ್ಲ ಅಣ್ಣ!" ಎಂದಳು. "ಎಂತ ಆದದ್ದು ಸಿಸ್ಟರ್? ಅಮ್ಮನ ಕೈಗೆ ಭಾರ ಉಂಟಲ್ವಾ?" ಎನ್ನುತ್ತ ಅವನು ಮತ್ತೆ ಮಗಳ ಪದರಕ್ಕಿಳಿದು, ಆ ಬೆರಳುಗಳ ಕೆಳಗಿನ ಬಿಳಿ ಫ್ರಾಕನ್ನು ಮೆಲ್ಲಗೆ ಒತ್ತಿ ಒಂದು ಸಣ್ಣ ನೆರಿಗೆ ಮೂಡಿಸಿದ. ಮಡಿಲಲ್ಲಿದ್ದ ಇಸಾಬೆಲಳ ಕೈ, ಅವಳಿಗೇ ತಿಳಿಯದಂತೆ, ಏನನ್ನೋ ಹಿಡಿದ ಹಾಗೆ ಬಾಗಿತು.