ಎಂಟು ಸಾವಿರಕ್ಕೆ ಬೇಡವಾದ ಗೇಮ್ ಬಾಕ್ಸ್

ಮೊನ್ನೆ ಅಟ್ಟ ಗುಡಿಸುವಾಗ ಗಂಡ ದುಬೈಯಿಂದ ತಂದಿದ್ದ ಹಳೆಯ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ಪರದೇಶದ ಸಾಬೂನಿನ ವಾಸನೆ. ವಿಮಾನದ ಲಗೇಜಿನ ಪಟ್ಟಿ ಇನ್ನೂ ಅಂಟಿಕೊಂಡಿತ್ತು. ಕಾಲಿನಿಂದ ಒದ್ದುಬಿಟ್ಟೆ.

ನನ್ನ ಅಣ್ಣನಿಗೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಇತ್ತು. ಕೆಟ್ಟ ವಿಡಿಯೋ ಗೇಮ್ ಬಾಕ್ಸುಗಳನ್ನು ತಂದು, ಬಿಚ್ಚಿ, ಸರಿಮಾಡಿ ಮಾರುತ್ತಿದ್ದ. ಪ್ರತಿಯೊಂದಕ್ಕೂ ಚೀಟಿ ಬರೆದು ಅಂಟಿಸುತ್ತಿದ್ದ: "ಫ್ಯಾನ್ ಹಳೆಯದು. ಎರಡು ಗಂಟೆ ಆಡಿದರೆ ಅರ್ಧ ಗಂಟೆ ಬಂದ್ ಮಾಡಿ." ಬೆಲೆ ಎಂಟು ಸಾವಿರ. ತನ್ನ ಕೆಲಸಕ್ಕೆ ಅಷ್ಟು ಸಾಕು ಎನ್ನುತ್ತಿದ್ದ.

ಜನರಿಗೆ ಸಾಕಾಗಲಿಲ್ಲ!

"ಇಷ್ಟು ಕಡಿಮೆಗೆ ಹೇಗೆ ಕೊಡ್ತೀರಿ ಮಾರಾಯ್ರೇ? ಒಳಗೆ ಇಟ್ಟಿಗೆ ಉಂಟಾ?" ಎಂದು ಬೆಳುವಾಯಿಯ ಹೋಟೆಲಿನವರೊಬ್ಬರು ನಕ್ಕರು.

"ಬಿಚ್ಚಿ ತೋರಿಸ್ತೇನೆ, ಕೂತ್ಕೊಳ್ಳಿ," ಎಂದ ಅಣ್ಣ. ಅವರು ಕೂರಲಿಲ್ಲ. ಇಂಥವರೇ ಮಂಗಳೂರಿಗೆ ಹೋಗಿ ಮೂರು ಪಾಲು ಬೆಲೆ ಕೊಟ್ಟು ಅಂಥದೇ ಬಾಕ್ಸ್ ತರುತ್ತಿದ್ದರು. ನೋಡಿ ನೋಡಿ ನನ್ನ ಮೈ ಉರಿಯುತ್ತಿತ್ತು.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಇಷ್ಟು ಮಾತ್ರ ಅರ್ಥವಾಯಿತು: ಬೆಲೆ ಹೆಚ್ಚಾದರೆ ಜನ ನಂಬುತ್ತಾರೆ. ಅಂಗಡಿ ನನ್ನ ಕೈಗೆ ಬಿಟ್ಟು ಅಣ್ಣ ಊಟಕ್ಕೆ ಹೋದ ಒಂದು ಮಧ್ಯಾಹ್ನ, ಹೋಟೆಲಿನವರು ಬೇಡವೆಂದ ಅದೇ ಬಾಕ್ಸಿನ ಚೀಟಿ ಕಿತ್ತೆ. ಹೊಸ ಟವೆಲಿನಲ್ಲಿ ಸುತ್ತಿ, ಇಂಥದೇ ಒಂದು ದುಬೈ ಪೆಟ್ಟಿಗೆಯಲ್ಲಿ ಇಟ್ಟೆ. ದಾರಿಯಲ್ಲಿ ಹೋಗುತ್ತಿದ್ದ ಹೋಟೆಲಿನವರನ್ನು ನಾನೇ ಕರೆದೆ.

"ನಮ್ಮವರು ದುಬೈಯಿಂದ ತಂದದ್ದು. ಹದಿನೆಂಟು ಸಾವಿರ. ಒಂದೇ ಉಂಟು."

ಅವರು ವಿಮಾನದ ಪಟ್ಟಿಯನ್ನು ಸವರಿ ನೋಡಿದರು. ಬಾಕ್ಸನ್ನು ಸರಿಯಾಗಿ ನೋಡಲೇ ಇಲ್ಲ. "ಮಾಲು ಅಂದ್ರೆ ಇದು!" ಎಂದು ಹೊತ್ತುಕೊಂಡು ಹೋದರು.

ಅಣ್ಣನಿಗೆ ಎಂಟು ಸಾವಿರ ಕೊಟ್ಟೆ. "ನೋಡಿದೆಯಾ? ಬೆಲೆ ನ್ಯಾಯದ್ದಾದರೆ ಜನ ಇವತ್ತಲ್ಲ ನಾಳೆ ಬರ್ತಾರೆ," ಎಂದು ಎಷ್ಟು ಖುಷಿಪಟ್ಟ... ಉಳಿದ ಹತ್ತು ಸಾವಿರ ನನ್ನ ಬ್ಯಾಗಿನಲ್ಲಿತ್ತು.

ಹದಿನೈದು ದಿನ ಕಳೆಯಲಿಲ್ಲ. ಚೀಟಿಯಿಲ್ಲದ ಬಾಕ್ಸನ್ನು ಹೋಟೆಲಿನವರ ಮನೆಯಲ್ಲಿ ಇಡೀ ದಿನ ಆಡಿ ಸುಟ್ಟಿದ್ದರು. ಅಂಗಡಿಯ ಎದುರು ನಿಂತು ಬೊಬ್ಬೆ: "ದುಬೈಯದ್ದು ಅಂತ ಹದಿನೆಂಟು ಸಾವಿರಕ್ಕೆ ಗುಜರಿ ಮಾರ್ತೀಯಾ, ಕಳ್ಳ!"

ಅಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. "ನನ್ನಿಂದ ತಪ್ಪಾಯಿತು," ಎಂದು ಅವನೇ ಕೈಮುಗಿದ. ಸಾಲ ಮಾಡಿ ಹದಿನೆಂಟೂ ಹಿಂದೆ ಕೊಟ್ಟ. ನನ್ನ ಬ್ಯಾಗಿನ ಹತ್ತು ಸಾವಿರ ಹೊರಗೆ ಬರಲಿಲ್ಲ.

ಆಮೇಲೆ ಆ ಅಂಗಡಿಯ ಮೆಟ್ಟಿಲು ಯಾರೂ ಹತ್ತಲಿಲ್ಲ. ಬಾಗಿಲು ಹಾಕಿ, ಬಂಟ್ವಾಳದಲ್ಲಿ ಇನ್ನೊಬ್ಬರ ಮೊಬೈಲ್ ಅಂಗಡಿಯಲ್ಲಿ ಸಂಬಳಕ್ಕೆ ನಿಂತ. ನನ್ನಲ್ಲಿ ಒಂದು ಮಾತೂ ಕೇಳಲಿಲ್ಲ... ಕೆನ್ನೆಗೆ ಎರಡು ಕೊಟ್ಟಿದ್ದರೆ ಒಳ್ಳೆಯದಿತ್ತು. ಕಳೆದ ವರ್ಷ ಎದೆನೋವೆಂದು ಮಲಗಿದವನು ಏಳಲಿಲ್ಲ.

ನಿನ್ನೆ ಅವನ ವರ್ಷಾಂತಿಕ. ಹೋಟೆಲಿನವರೂ ಬಂದಿದ್ದರು. ಎಲೆಯ ಮುಂದೆ ಕೂತು, "ಪಾಪ, ಆ ಒಂದು ಮೋಸ ಬಿಟ್ಟರೆ ಒಳ್ಳೆಯ ಜನ," ಎಂದರು. ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಎಂಟಕ್ಕೆ ಇಟ್ಟಿಗೆ ಕಂಡ ಮನುಷ್ಯ, ಹದಿನೆಂಟಕ್ಕೆ ಕಣ್ಣುಮುಚ್ಚಿ ಕೊಂಡ ಮನುಷ್ಯ! ಬಡಿಸುತ್ತಿದ್ದ ಸೌಟಿನಿಂದಲೇ ಬಡಿಯಬೇಕೆನಿಸಿತು. ಆದರೆ ಮೋಸ ಮಾಡಿದ್ದು ನಾನು. ಇನ್ನು ಹೇಳಿದರೂ ಕೇಳಲು ಅಣ್ಣ ಇಲ್ಲ. ಆದರೂ ಹೇಳಿಯೇಬಿಡುತ್ತೇನೆಂದು ಬಾಯಿ ತೆರೆದೆ.

"ಪಾಯಸ ಇನ್ನೂ ಸ್ವಲ್ಪ ಹಾಕಲಾ?" ಎಂದೆ.